ಫೈಲು ಪೂರ್ತಿ ಕೊಡು

ಇಂಟರ್ನ್‌ಗಳಿಗೆ ಏನು ಕೆಲಸ ಹಚ್ಚಲಿ ಸರ್ ಅಂತ ಕೇಳಿದೆಯಲ್ಲ, ಕಾರಿಡಾರಿನಲ್ಲಿ ನಿಂತು ಹೇಳಿ ಮುಗಿಸುವ ವಿಷಯವಲ್ಲ ಅನ್ನಿಸಿ ಬರೆಯಲು ಕೂತೆ. ಅವರಿಗೆ ಕೆಲಸ ಹಚ್ಚಬೇಡಮ್ಮ. ಒಂದು ಫೈಲು ಕೊಡು. ವಕಾಲತ್ತಿನಿಂದ ಹಿಡಿದು ಕೊನೆಯ ಆರ್ಡರ್‌ಶೀಟಿನವರೆಗೆ, ಕಕ್ಷಿದಾರ ಯಾವುದೋ ಹಾಳೆಯ ಹಿಂಬದಿಯಲ್ಲಿ ಗೀಚಿಕೊಟ್ಟ ಲೆಕ್ಕದ ಚೀಟಿಯೂ ಸೇರಿ, ಪೂರ್ತಿ ಫೈಲು.

ನಮ್ಮಂಥ ಕಚೇರಿಗಳಲ್ಲಿ ನಡೆಯುವುದು ಬೇರೆ. ‘ಈ ಪಾಯಿಂಟಿಗೆ ಮೂರು ಸೈಟೇಷನ್ ಹುಡುಕಿಕೊಡು’, ‘ಈ ಅಗ್ರಿಮೆಂಟಿನಲ್ಲಿ ಸ್ಪೆಲ್ಲಿಂಗ್ ನೋಡು’, ‘ಈ ನಲವತ್ತು ಬಾಡಿಗೆ ಕರಾರುಗಳಲ್ಲಿ ಲಾಕ್-ಇನ್ ಅವಧಿ ಎಷ್ಟೆಷ್ಟಿದೆ ಅಂತ ಎಕ್ಸೆಲ್‌ನಲ್ಲಿ ಹಾಕು’. ಮಾಡಿಕೊಡುತ್ತಾರೆ ಪಾಪ. ಆ ಸೈಟೇಷನ್ ಯಾವ ದಾವೆಗೆ ಬೇಕಾಗಿತ್ತು, ಎದುರು ಕಡೆಯವರು ಏನು ವಾದಿಸಿದ್ದರು, ಕೋರ್ಟು ಕೊನೆಗೆ ಅದನ್ನು ಒಪ್ಪಿತೇ ಬಿಟ್ಟಿತೇ, ಒಂದೂ ತಿಳಿಯದೆ ನಾಲ್ಕು ವಾರ ಮುಗಿಸಿ ಹೊರಟುಹೋಗುತ್ತಾರೆ. ತಿಂಗಳಿಡೀ ಕೊತ್ತಂಬರಿ ಸೊಪ್ಪು ಬಿಡಿಸಲು ಕೂರಿಸಿ, ಈ ಹುಡುಗನಿಗೆ ಸಾರು ಮಾಡಲು ಬರುವುದಿಲ್ಲ ಅಂತ ಆಮೇಲೆ ಬೈಯುವವರೂ ನಾವೇ.

ಕಾನೂನು ಓದುವವರಿಗೆ ಕೆಲಸ ಕಲಿಸುವ ಹೊಣೆ ಯಾರದು ಅನ್ನುವ ಜಗ್ಗಾಟ ಹಳೆಯದು. 1961ರ ವಕೀಲರ ಕಾಯ್ದೆಯ ಮೊದಲಿನ ಏರ್ಪಾಡಿನಲ್ಲಿ ಪದವಿಯ ಮೇಲೆ ತರಬೇತಿ ಪಡೆದು, ರಾಜ್ಯ ಬಾರ್ ಕೌನ್ಸಿಲಿನ ಪರೀಕ್ಷೆ ಪಾಸಾಗಿ ಸನ್ನದು ಪಡೆಯಬೇಕಿತ್ತು. 1973ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿಯನ್ನು ತನ್ನ ನಿಯಮದ ಮೂಲಕ ಮತ್ತೆ ತಂದಿತು. ಸಂಸತ್ತು ತೆಗೆದದ್ದನ್ನು ನಿಯಮ ಮಾಡಿ ಒಳಗೆ ತರುವ ಅಧಿಕಾರ ಪರಿಷತ್ತಿಗಿಲ್ಲ ಅಂತ 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ಬಂದದ್ದು ಅಖಿಲ ಭಾರತ ಬಾರ್ ಪರೀಕ್ಷೆ. 2023ರ ಫೆಬ್ರುವರಿಯಲ್ಲಿ ಸಂವಿಧಾನ ಪೀಠ ಆ ಪರೀಕ್ಷೆಯನ್ನು ಎತ್ತಿಹಿಡಿದು, ಸುಧೀರ್ ತೀರ್ಪು ಸರಿಯಿರಲಿಲ್ಲ ಅಂತಲೂ ಹೇಳಿತು. ಆದರೆ ಆ ಒಂದು ವರ್ಷದ ತರಬೇತಿ ಮಾತ್ರ ವಾಪಸು ಬರಲಿಲ್ಲ. ಬೇರ್ ಆಕ್ಟ್ ಪಕ್ಕದಲ್ಲಿಟ್ಟುಕೊಂಡು ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ ಪಾಸಾದವನಿಗೆ ಕಕ್ಷಿದಾರನನ್ನು ಕೂರಿಸಿ ಮಾತಾಡಿಸಲು ಬರುತ್ತದೆ ಅಂತೇನೂ ಇಲ್ಲವಲ್ಲ.

ಹಾಗಾಗಿ ಉಳಿದಿರುವುದು ಇಂಟರ್ನ್‌ಶಿಪ್ ಒಂದೇ. 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ; ಒಂದು ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಈ ನಾಲ್ಕು ವಾರದಲ್ಲಿ ಮೊದಲನೆಯದು ದಾರಿ, ಲಿಫ್ಟು, ಪಾಸ್‌ವರ್ಡಿಗೇ ಹೋಗುತ್ತದೆ. ಕೊನೆಯದು ಸರ್ಟಿಫಿಕೇಟಿನ ಚಿಂತೆಗೆ. ನಿನ್ನ ಕೈಗೆ ಸಿಗುವುದು ನಡುವಿನ ಎರಡು ವಾರ. ಅದಕ್ಕೇ ಹೇಳುವುದು, ಚೂರುಪಾರು ಕೆಲಸದಲ್ಲಿ ಅದನ್ನು ಕಳೆಯಬೇಡ ಅಂತ.

ಮೊದಲು ಕೊಡುವುದು ಮುಗಿದುಹೋದ ಕೇಸಿನ ಫೈಲಾಗಿರಲಿ. ನಡೆಯುತ್ತಿರುವ ಕೇಸಿನಲ್ಲಿ ನಮಗೇ ಉತ್ತರ ಗೊತ್ತಿರುವುದಿಲ್ಲ, ಮುಗಿದದ್ದರಲ್ಲಿ ತೀರ್ಪಿದೆ. ಆ ತೀರ್ಪನ್ನು ಮಾತ್ರ ತೆಗೆದು ನಿನ್ನ ಡ್ರಾಯರಿನಲ್ಲಿಟ್ಟುಕೋ. ದಾವಾಪತ್ರ, ರಿಟನ್ ಸ್ಟೇಟ್‌ಮೆಂಟ್, ದಾಖಲೆಗಳು, ಸಾಕ್ಷಿ ಹೇಳಿಕೆ, ಪಾಟಿ ಸವಾಲು ಇಷ್ಟನ್ನೂ ಓದಿ, ಯಾರು ಗೆದ್ದಿರಬೇಕು, ಯಾತಕ್ಕೆ ಅಂತ ಎರಡು ಪುಟ ಬರೆದುಕೊಡಲಿ. ಬರೆದ ಮೇಲೆ ತೀರ್ಪು ಕೊಡು. ಆಗ ನೋಡು ಅವರ ಮುಖ. ಕಾಲೇಜಿನಲ್ಲಿ ಓದಿದ ಕೇಸುಗಳೆಲ್ಲ ಮೇಲಿನ ಕೋರ್ಟಿನವು, ಅಲ್ಲಿ ಸತ್ಯಾಂಶಗಳು ಮೊದಲೇ ಇತ್ಯರ್ಥವಾಗಿ ಕೂತಿರುತ್ತವೆ. ಒಬ್ಬ ಸಾಕ್ಷಿ ಪಾಟಿ ಸವಾಲಿನಲ್ಲಿ ‘ಇರಬಹುದು, ನೆನಪಿಲ್ಲ’ ಅಂದ ಒಂದೇ ಮಾತಿಗೆ ಇಡೀ ದಾವೆ ಮಗುಚಿಕೊಂಡದ್ದನ್ನು ಅವರು ಇಲ್ಲಿಯೇ ಮೊದಲು ಕಾಣುವುದು.

ಎರಡನೆಯದು ಜಮೀನಿನ ಟೈಟಲ್ ಫೈಲು. ಇದರಲ್ಲಿ ಕಲಿಯುವಷ್ಟನ್ನು ಬೇರೆ ಯಾವುದರಲ್ಲೂ ಕಲಿಯುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾರ್ಪೊರೇಟ್ ವಿಭಾಗದವರು ನಕ್ಕರೆ ನಗಲಿ. ದೇವನಹಳ್ಳಿ ಕಡೆಯದೋ ಆನೇಕಲ್ ಕಡೆಯದೋ ಒಂದು ಸರ್ವೆ ನಂಬರ್ ಆರಿಸಿಕೋ. ವಿದ್ಯಾರ್ಥಿ ಏನು ಮಾಡುತ್ತಾನೆ ಅಂತ ಈಗಲೇ ಹೇಳುತ್ತೇನೆ: ಮೂವತ್ತು ವರ್ಷದ ಋಣಭಾರ ಪತ್ರ, ಅಂದರೆ ಇ.ಸಿ. ನೋಡುತ್ತಾನೆ, ಈಗಿನ ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾರುವವನ ಹೆಸರಿದೆ ಅನ್ನುತ್ತಾನೆ, ‘ಟೈಟಲ್ ಕ್ಲಿಯರ್’ ಅಂತ ಬರೆದುಬಿಡುತ್ತಾನೆ.

ಆಗ ಬೈಯಬೇಡ, ಕೇಳು. ಇ.ಸಿ.ಯಲ್ಲಿ ಏನೇನು ಬರುವುದಿಲ್ಲ? ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದದ್ದು ಮಾತ್ರ ಅಲ್ಲಿ ಬರುತ್ತದೆ. ಪಂಚರ ಎದುರು ಆದ ಬಾಯಿಮಾತಿನ ವಿಭಾಗ ಬರುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ ಅಲ್ಲಿ ಕಾಣಿಸುತ್ತದೆ ಅಂತ ನಂಬಿ ಕೂರುವಂತಿಲ್ಲ. ಸರ್ಕಾರದ ಮಂಜೂರಾತಿ ನೋಂದಣಿಯಾಗಲೇಬೇಕೆಂದಿಲ್ಲ, ಹಾಗಾಗಿ ಅದೂ ಬರುವುದಿಲ್ಲ. ಹಾಗಾದರೆ ಈ ಜಮೀನು ಮಾರುವವನ ಅಜ್ಜನಿಗೆ ಬಂದದ್ದು ಹೇಗೆ? ಹಳೆಯ ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರಿನ ನಕಲು ತರಿಸಿ ಹಿಂದಕ್ಕೆ ಹೋಗಲಿ. ಹೋಗುತ್ತಾ ಹೋಗುತ್ತಾ ಒಂದು ಕಡೆ ಸಾಗುವಳಿ ಚೀಟಿ ಸಿಗುತ್ತದೆ. ಅದರಲ್ಲಿ ಇಷ್ಟು ವರ್ಷ ಪರಭಾರೆ ಮಾಡಕೂಡದು ಅನ್ನುವ ಷರತ್ತು ಇರುತ್ತದೆ. ಮಂಜೂರಾದವನು ಪರಿಶಿಷ್ಟ ಜಾತಿಯವನೋ ಪಂಗಡದವನೋ ಆಗಿದ್ದರೆ 1978ರ ಕಾಯ್ದೆ, ನಾವೆಲ್ಲ ಪಿ.ಟಿ.ಸಿ.ಎಲ್. ಅನ್ನುತ್ತೇವಲ್ಲ, ಅದು ಎದುರು ಬಂದು ನಿಲ್ಲುತ್ತದೆ. ಷರತ್ತು ಮುರಿದು ಆದ ಕ್ರಯ ಅಸಿಂಧು; ಜಮೀನನ್ನು ವಶಕ್ಕೆ ತೆಗೆದುಕೊಂಡು ಮಂಜೂರಾದವನಿಗೋ ಅವನ ವಾರಸುದಾರರಿಗೋ ಮರಳಿ ಕೊಡಿಸುವ ಅಧಿಕಾರ ಉಪವಿಭಾಗಾಧಿಕಾರಿಗೆ ಇದೆ. ನಡುವೆ ನಾಲ್ಕು ಕೈ ಬದಲಾಗಿದ್ದರೂ, ನಾಲ್ಕೂ ಕ್ರಯಪತ್ರ ರಿಜಿಸ್ಟರ್ ಆಗಿದ್ದರೂ ಅಷ್ಟೇ.

ಇಲ್ಲೇ ಇನ್ನೆರಡು ಪಾಠಗಳು ಇವೆ, ಬಿಡಬೇಡ. ಆ ಕಾಯ್ದೆಯಡಿ ಅರ್ಜಿ ಹಾಕಲು ಕಾಲಮಿತಿ ಬರೆದಿರಲಿಲ್ಲ. ತೀರಾ ತಡವಾಗಿ ಬಂದ ಅರ್ಜಿಯನ್ನು ಪುರಸ್ಕರಿಸಲಾಗದು, ಹಕ್ಕನ್ನು ಸಮಂಜಸವಾದ ಅವಧಿಯೊಳಗೆ ಚಲಾಯಿಸಬೇಕು ಅಂತ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ನಮ್ಮ ವಿಧಾನಮಂಡಲ ಕಾಯ್ದೆಗೇ ತಿದ್ದುಪಡಿ ತಂದು, ಇದಕ್ಕೆ ಕಾಲಮಿತಿ ಇಲ್ಲ ಅಂತ ಸೇರಿಸಿತು. ತಿದ್ದುಪಡಿಯ ನಂತರವೂ ವಿಳಂಬದ ಪ್ರಶ್ನೆ ಹೈಕೋರ್ಟಿನಲ್ಲಿ ಏಳುತ್ತಲೇ ಇದೆ. ಹೆಡ್‌ನೋಟ್ ನೋಡಿ ಸೈಟೇಷನ್ ಬರೆದುಕೊಂಡು ಬರುವ ವಿದ್ಯಾರ್ಥಿ 2017ಕ್ಕೆ ನಿಂತುಬಿಡುತ್ತಾನೆ. ತೀರ್ಪು ಬಂದ ಮೇಲೆ ಶಾಸನಕ್ಕೆ ಏನಾಯಿತು, ಶಾಸನ ಬದಲಾದ ಮೇಲೆ ಕೋರ್ಟು ಏನೆಂದಿತು ಅಂತ ಮುಂದಕ್ಕೆ ಓದುವುದನ್ನು ಈ ಒಂದು ಫೈಲಿನಲ್ಲೇ ಕಲಿಸಬಹುದು.

ಇನ್ನೊಂದು ಪಾಠ ಹೇಳುವುದು ಸ್ವಲ್ಪ ಕಷ್ಟ, ಯಾಕೆಂದರೆ ನಮ್ಮ ಕಕ್ಷಿದಾರರು ಸಾಮಾನ್ಯವಾಗಿ ಕೊಳ್ಳುವವರು. ಅವರ ಕಣ್ಣಿನಿಂದ ನೋಡಿದರೆ ಪಿ.ಟಿ.ಸಿ.ಎಲ್. ಅಂದರೆ ಒಂದು ರಿಸ್ಕು, ವರದಿಯಲ್ಲಿ ಕೆಂಪು ಬಣ್ಣ ಹಚ್ಚುವ ಒಂದು ಸಾಲು. ಅಷ್ಟನ್ನೇ ಹೇಳಿಕೊಟ್ಟು ಕಳಿಸಬೇಡ. ಸಣ್ಣ ಸಾಲಕ್ಕೋ ಮದುವೆ ಖರ್ಚಿಗೋ ಸಿಕ್ಕಿಬಿದ್ದು ಮಂಜೂರಾದ ಭೂಮಿಯನ್ನು ಸಿಕ್ಕಿದ ಬೆಲೆಗೆ ಬರೆದುಕೊಟ್ಟ ಕುಟುಂಬಗಳಿಗಾಗಿ ಆ ಕಾಯ್ದೆ ಬಂತು ಅನ್ನುವುದೂ ಅವರಿಗೆ ಗೊತ್ತಿರಬೇಕು. ನಾಳೆ ಅವರು ಎದುರು ಪಕ್ಷದ ವಕಾಲತ್ತು ಹಾಕಬಹುದು, ಹಾಕಲಿ ಕೂಡ.

ಮೂರನೆಯದು ಫೈಲಲ್ಲ, ಒಂದು ಲೆಕ್ಕ. ಸಿಟಿ ಸಿವಿಲ್ ಕೋರ್ಟಿನ ಡಿಕ್ರಿ 2025ರ ಜನವರಿ 10ಕ್ಕೆ ಆಯಿತು ಅಂತ ಇಟ್ಟುಕೋ. ನಕಲಿಗೆ ಅರ್ಜಿ ಹಾಕಿದ್ದು ಜನವರಿ 20, ನಕಲು ಸಿದ್ಧವಾದದ್ದು ಫೆಬ್ರುವರಿ 5. ಹೈಕೋರ್ಟಿಗೆ ಮೇಲ್ಮನವಿಗೆ ಕಡೇ ದಿನ ಯಾವುದು? ತೊಂಬತ್ತು ದಿನ ಅಂತ ಎಲ್ಲರಿಗೂ ಗೊತ್ತು. ಡಿಕ್ರಿಯ ದಿನ ಬಿಟ್ಟು ಎಣಿಸಿದರೆ ಏಪ್ರಿಲ್ 10. ನಕಲಿಗೆ ಹಿಡಿದ 17 ದಿನ ಕಾಲಮಿತಿ ಕಾಯ್ದೆಯ 12ನೇ ಕಲಮಿನಡಿ ಕಳೆಯುತ್ತದೆ, ಅಲ್ಲಿಗೆ ಏಪ್ರಿಲ್ 27. ಅರ್ಜಿ ಹಾಕುವ ಮೊದಲು ಸುಮ್ಮನೆ ಕೂತ ದಿನಗಳು ಮಾತ್ರ ಕಳೆಯುವುದಿಲ್ಲ. ಅವನ್ನೂ ಕಳೆದು ತಪ್ಪು ಮಾಡುವವರು ಇದ್ದೇ ಇರುತ್ತಾರೆ. ಸರಿ, ಏಪ್ರಿಲ್ 27 ಯಾವ ವಾರ? ಭಾನುವಾರ. 4ನೇ ಕಲಂ ಪ್ರಕಾರ ಕೋರ್ಟು ತೆರೆಯುವ ದಿನ ಹಾಕಬಹುದು. ಆದರೆ ಅದು ಬೇಸಿಗೆ ರಜೆ ಬರುವ ಹೊತ್ತು. ರಜೆಯಲ್ಲಿ ಫೈಲಿಂಗ್ ಹೇಗೆ, ಕೌಂಟರ್ ಯಾವ ದಿನ ತೆರೆದಿರುತ್ತದೆ? ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ. ವಿದ್ಯಾರ್ಥಿಯೇ ಹೈಕೋರ್ಟಿನ ಫೈಲಿಂಗ್ ವಿಭಾಗಕ್ಕೆ ಹೋಗಿ ಕೇಳಿಕೊಂಡು ಬರಲಿ. ಕಡೇ ದಿನದವರೆಗೆ ಕಾಯದೆ ಏಪ್ರಿಲ್ ಮೊದಲ ವಾರದಲ್ಲೇ ಹಾಕಿದರೆ ಇಷ್ಟೆಲ್ಲ ಲೆಕ್ಕ ಬೇಕೇ ಬೇಡ ಅಂತ ಅವರಲ್ಲಿ ಒಬ್ಬರಾದರೂ ಹೇಳಿದರೆ, ಆ ಮಗುವನ್ನು ಮುಂದಿನ ವರ್ಷ ಮತ್ತೆ ಕರೆಸು.

ಕೋರ್ಟಿಗೆ ಕಳಿಸುವ ಮಾತು ಬಂತು. ಎಲ್ಲರಿಗೂ ಹೈಕೋರ್ಟಿನ, ಅಠಾರ ಕಚೇರಿಯ ಕೆಂಪು ಕಟ್ಟಡದ ಆಸೆ. ಹೋಗಲಿ, ಒಂದು ದಿನ ನೋಡಲಿ. ಉಳಿದ ದಿನ ಸಿಟಿ ಸಿವಿಲ್ ಕೋರ್ಟಿಗೂ ಮ್ಯಾಜಿಸ್ಟ್ರೇಟ್ ಕೋರ್ಟಿಗೂ ಕಳಿಸು. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ಕಣ್ಣಾರೆ ನೋಡಿ ಬರೆಯುವುದಕ್ಕೆ ಅವರ ಕೋರ್ಸಿನಲ್ಲೇ 30 ಅಂಕವಿದೆ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ ಇಳಿಸಿಕೊಳ್ಳುವುದು ಎಲ್ಲ ಕಾಲೇಜುಗಳಲ್ಲೂ ಗೊತ್ತಿರುವ ಗುಟ್ಟು. ನಿನಗೆ ಬರುವ ಇಬ್ಬರು ಇಂಟರ್ನ್‌ಗಳು ಹಾಗೆ ಮಾಡದಂತೆ ನೋಡಿಕೋ. ಹೋಗುವಾಗ ನಮ್ಮ ಗುಮಾಸ್ತರ ಜೊತೆ ಹೋಗಲಿ. ಕೋರ್ಟ್ ಫೀ ಎಷ್ಟು, ಪುಟ ಸಂಖ್ಯೆ ಎಲ್ಲಿ ಹಾಕಬೇಕು, ಆಫೀಸ್ ಆಬ್ಜೆಕ್ಷನ್ ಯಾಕೆ ಬಂತು, ಪ್ರೋಸೆಸ್ ಕಟ್ಟದೆ ನೋಟಿಸ್ ಯಾಕೆ ಹೋಗಲಿಲ್ಲ, ಇವೆಲ್ಲ ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನನಗಿಂತಲೂ. ಗುಮಾಸ್ತರನ್ನು ವಿದ್ಯಾರ್ಥಿಗಳು ‘ನೀವು’ ಅಂತಲೇ ಮಾತಾಡಿಸಬೇಕು, ಇದನ್ನು ಮೊದಲ ದಿನವೇ ಹೇಳು.

ಕಕ್ಷಿದಾರರು ಬಂದಾಗ ವಿದ್ಯಾರ್ಥಿಗಳನ್ನು ಹೊರಗೆ ಕೂರಿಸಬೇಡ. ಅವರ ಒಪ್ಪಿಗೆ ಕೇಳಿ, ಒಂದು ಮೂಲೆಯಲ್ಲಿ ಕೂರಿಸಿ ಬರೆದುಕೊಳ್ಳಲು ಹೇಳು. ಮಧ್ಯೆ ಬಾಯಿ ಹಾಕಕೂಡದು. ಹೋದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಅವರು ಏನನ್ನು ಹೇಳಲಿಲ್ಲ? ಪಾಲಿನ ವಿಷಯಕ್ಕೆ ಬರುವ ಹಿರಿಯರು ‘ನಾವು ಮೂರು ಜನ ಮಕ್ಕಳು’ ಅನ್ನುತ್ತಾರೆ. ವಂಶವೃಕ್ಷ ಬರೆಸಿದರೆ ಐದು ಹೆಸರು ಬರುತ್ತವೆ. ಮದುವೆ ಮಾಡಿ ಕಳಿಸಿದ ಇಬ್ಬರು ಹೆಣ್ಣುಮಕ್ಕಳು ಅವರ ಲೆಕ್ಕದಲ್ಲಿ ಇರುವುದೇ ಇಲ್ಲ. ಅದು ಸುಳ್ಳಲ್ಲ, ಅವರ ಎಣಿಕೆಯೇ ಹಾಗೆ. ಕರ್ನಾಟಕವಂತೂ 1994ರಲ್ಲೇ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ರಾಜ್ಯ, ಆದರೂ ಆಗ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಬಂದು, 2020ರಲ್ಲಿ ವಿನೀತಾ ಶರ್ಮಾ ತೀರ್ಪು ಬಂದು, ಹುಟ್ಟಿನಿಂದಲೇ ಬರುವ ಹಕ್ಕು ಅಂತ ಗಟ್ಟಿಯಾಯಿತು. ಇದನ್ನೆಲ್ಲ ವಿದ್ಯಾರ್ಥಿ ಪರೀಕ್ಷೆಗೆ ಬರೆದಿರುತ್ತಾನೆ. ಎದುರಿಗೆ ಕೂತ ಅಜ್ಜ ‘ಮೂರು’ ಅಂದಾಗ ‘ಅಕ್ಕತಂಗಿಯರು?’ ಅಂತ ಕೇಳಬೇಕು ಅನ್ನುವುದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರುವುದಿಲ್ಲ.

ಈಗ ಡ್ರಾಫ್ಟಿನ ಮಾತು. ಇಲ್ಲಿ ನಿನ್ನ ಮೇಲೆ ನನಗೆ ಸ್ವಲ್ಪ ಅನುಮಾನ ಇದೆ, ಹೇಳಿಬಿಡುತ್ತೇನೆ. ನೀನು ಚುರುಕು. ವಿದ್ಯಾರ್ಥಿ ತಂದುಕೊಟ್ಟ ಡ್ರಾಫ್ಟು ಕೆಟ್ಟದಾಗಿದ್ದರೆ ರಾತ್ರಿ ಹತ್ತು ಗಂಟೆಗೆ ಕೂತು ನೀನೇ ಪೂರ್ತಿ ಬರೆದು ಕಳಿಸಿಬಿಡುವ ಜಾತಿ. ಕಕ್ಷಿದಾರನಿಗೆ ಅದು ಒಳ್ಳೆಯದು, ವಿದ್ಯಾರ್ಥಿಗೆ ಅದರಿಂದ ಏನೂ ದಕ್ಕುವುದಿಲ್ಲ. ತಾನು ಬರೆದದ್ದರಲ್ಲಿ ಏನು ಕೆಟ್ಟಿತ್ತು ಅಂತ ಅವನಿಗೆ ಯಾವತ್ತೂ ತಿಳಿಯುವುದಿಲ್ಲ. ಚೆನ್ನಾಗಿಯೇ ಇತ್ತು ಅಂದುಕೊಂಡು ಹೋಗುತ್ತಾನೆ. ಆದ್ದರಿಂದ ಇಂಟರ್ನ್‌ಗೆ ಕೊಡುವ ಡ್ರಾಫ್ಟು ನಾಳೆಗೆ ಬೇಕಾದದ್ದಾಗಿರಬಾರದು. ಮುಂದಿನ ವಾರಕ್ಕೆ ಬೇಕಾದದ್ದನ್ನು ಇವತ್ತು ಕೊಡು, ಎರಡು ಸಲ ವಾಪಸು ಕಳಿಸುವಷ್ಟು ಸಮಯ ಇಟ್ಟುಕೋ.

ಬರೆಯುವ ಮೊದಲು ತಾರೀಖುವಾರು ಪಟ್ಟಿ ಮಾಡಲಿ. ಪಕ್ಕದಲ್ಲಿ, ಆ ಮಾತಿಗೆ ಫೈಲಿನ ಯಾವ ಹಾಳೆ ಆಧಾರ ಅಂತ ಪುಟ ಸಂಖ್ಯೆ ಹಾಕಲಿ. ಆಧಾರವಿಲ್ಲದ ಸಾಲು ಎಷ್ಟಿವೆ ಅಂತ ಆಗಲೇ ಬಯಲಾಗುತ್ತದೆ. ದಾವಾಪತ್ರದಲ್ಲಿ ಮುಖ್ಯ ಸಂಗತಿ ಬರಬೇಕು, ಸಾಕ್ಷ್ಯ ಬರಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 6 ರೂಲ್ 2 ಹೇಳುತ್ತದೆ. ಓದಿದರೆ ಅರ್ಧ ನಿಮಿಷದ ಮಾತು, ಪಾಲಿಸಲು ವರ್ಷಗಳು ಹಿಡಿಯುತ್ತವೆ. ವಿದ್ಯಾರ್ಥಿಗಳ ಡ್ರಾಫ್ಟಿನಲ್ಲಿ ಪ್ರತಿವಾದಿ ದುಷ್ಟ, ಕುತಂತ್ರಿ, ದುರಾಸೆಯವನು ಅಂತೆಲ್ಲ ತುಂಬಿರುತ್ತದೆ, ಅವನು ಯಾವ ತಾರೀಖು ಬೇಲಿ ಕಿತ್ತ ಅನ್ನುವುದು ಮಾತ್ರ ಇರುವುದಿಲ್ಲ. ಕೆಂಪು ಇಂಕಿನಲ್ಲಿ ಆ ವಿಶೇಷಣಗಳ ಮೇಲೆ ಗೆರೆ ಎಳೆದು ಬಿಡಬೇಡ. ಪಕ್ಕದಲ್ಲಿ ‘ಯಾವಾಗ?’, ‘ಯಾರು ನೋಡಿದರು?’, ‘ಪುಟ?’ ಅಂತ ಬರಿ. ಆಮೇಲೆ ಅವನ ಡ್ರಾಫ್ಟನ್ನು ಅವನಿಂದಲೇ ಗಟ್ಟಿಯಾಗಿ ಓದಿಸು. ಓದುತ್ತಾ ತಡವರಿಸಿದ ಕಡೆಯೆಲ್ಲ ವಾಕ್ಯ ಕೆಟ್ಟಿದೆ ಅಂತ ಲೆಕ್ಕ. ನಾಲ್ವರ ಎದುರು ಮಾತ್ರ ತಿದ್ದಬೇಡ. ಬಾಗಿಲು ಹಾಕಿಕೊಂಡು ಎಷ್ಟು ಕಟುವಾಗಿಯಾದರೂ ಹೇಳು, ಕೇಳಿಸಿಕೊಳ್ಳುತ್ತಾರೆ. ಎಲ್ಲರ ಮುಂದೆ ಹೇಳಿದ್ದನ್ನು ಅವಮಾನ ಅಂತಲೇ ನೆನಪಿಟ್ಟುಕೊಳ್ಳುತ್ತಾರೆ, ಪಾಠ ಮರೆತುಹೋಗುತ್ತದೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ನೀನು ನನಗೆ ಹೇಳಿಕೊಡಬೇಕೇ ಹೊರತು ನಾನು ನಿನಗಲ್ಲ. ಉಪಯೋಗಿಸಬೇಡಿ ಅಂದರೆ ಕದ್ದು ಉಪಯೋಗಿಸುತ್ತಾರೆ, ಆದ್ದರಿಂದ ಹಾಗೆ ಹೇಳಬೇಡ. ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ ಅರ್ಜಿ ಹಾಕಿದ ವಕೀಲರಿಗೆ 2023ರಲ್ಲಿ ನ್ಯೂಯಾರ್ಕಿನ ಕೋರ್ಟು 5,000 ಡಾಲರ್ ದಂಡ ಹಾಕಿತು. ಅದು ದೂರದ ಕಥೆ ಅನ್ನುವಂತಿಲ್ಲ. ಬೆಂಗಳೂರಿನ ಸಿವಿಲ್ ಕೋರ್ಟಿನ ಆದೇಶವೊಂದರಲ್ಲೇ ಅಸ್ತಿತ್ವದಲ್ಲಿಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಕಾಣಿಸಿಕೊಂಡದ್ದನ್ನು 2025ರಲ್ಲಿ ನಮ್ಮ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ನಿನ್ನ ನಿಯಮ ಇಷ್ಟಿರಲಿ: ಸೈಟೇಷನ್ ಎಲ್ಲಿಂದಾದರೂ ಬರಲಿ, ಪೂರ್ಣ ತೀರ್ಪು ಓದಿ, ಸಂಬಂಧಪಟ್ಟ ಪ್ಯಾರಾದ ಪಕ್ಕ ಪೆನ್ಸಿಲ್ ಗೆರೆ ಹಾಕಿ ನಿನ್ನ ಮೇಜಿನ ಮೇಲಿಡಬೇಕು. ಕಕ್ಷಿದಾರನ ಕಾಗದವನ್ನು ಮಾತ್ರ ಯಾವ ಹೊರಗಿನ ಯಂತ್ರಕ್ಕೂ ಹಾಕಕೂಡದು, ಇದರಲ್ಲಿ ರಿಯಾಯಿತಿ ಇಲ್ಲ.

ಗುಟ್ಟಿನ ವಿಷಯ ಮೊದಲ ದಿನವೇ, ಸಹಿ ಹಾಕಿಸುವ ಮೊದಲು ಬಾಯಲ್ಲಿ ಹೇಳು. ಕಕ್ಷಿದಾರ ವಕೀಲನಿಗೆ ಹೇಳಿದ್ದಕ್ಕೆ ಇರುವ ರಕ್ಷಣೆ, ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲಿ 126, ಈಗಿನ ಸಾಕ್ಷ್ಯ ಅಧಿನಿಯಮದಲ್ಲಿ 132, ಕಚೇರಿಯ ಗುಮಾಸ್ತರು, ನೌಕರರಿಗೂ ಅನ್ವಯಿಸುತ್ತದೆ. ‘ನಾನು ಬರೀ ಇಂಟರ್ನ್’ ಅನ್ನುವ ಮಾತು ನಮ್ಮ ಕಚೇರಿಯಲ್ಲಿ ನಡೆಯುವುದಿಲ್ಲ. ಮೆಟ್ರೋದಲ್ಲಿ ಫೋನಿನಲ್ಲಿ ಕೇಸಿನ ಕಥೆ ಬೇಡ, ಲಿಂಕ್ಡ್‌ಇನ್‌ನಲ್ಲಿ ಕಂಪನಿಯ ಹೆಸರು ಬೇಡ. ಷೇರುಪೇಟೆಯಲ್ಲಿರುವ ಕಂಪನಿಯ ಕೆಲಸಕ್ಕೆ ಕೂರಿಸಿದರೆ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳ ಪ್ರಕಾರ ವಿದ್ಯಾರ್ಥಿಯೂ ಒಳಗಿನವನಾಗಬಹುದು. ಆ ಕಂಪನಿಯ ಷೇರು ಕೊಂಡುಕೋ ಅಂತ ಮಾವನಿಗೆ ಹೇಳಿದರೂ ತೊಂದರೆ.

ನಿನಗೆ ಬರುತ್ತಿರುವ ಇಬ್ಬರಲ್ಲಿ ಒಬ್ಬಳು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನವಳು, ಇನ್ನೊಬ್ಬ ಹಾವೇರಿ ಕಡೆಯ ಕಾಲೇಜಿನಿಂದ. ಮೊದಲ ದಿನ ಅವಳು ಮಾತಾಡುತ್ತಾಳೆ, ಅವನು ಕೂತಿರುತ್ತಾನೆ. ಅದನ್ನು ನೋಡಿ ಅಂದಾಜು ಕಟ್ಟಬೇಡ. ಟೈಟಲ್ ಫೈಲನ್ನು ಇಬ್ಬರಿಗೂ ಸೇರಿಸಿ ಕೊಡು. ಕೈಬರಹದ ಪಹಣಿಯ ಷರಾ, ಹಳೆಯ ಪಾಲುಪಟ್ಟಿಯ ಚಕ್ಕುಬಂದಿ ಓದಲು ಅವಳು ಅವನನ್ನು ಕೇಳಲೇಬೇಕಾಗುತ್ತದೆ. ಒಪೀನಿಯನ್ನಿನ ಇಂಗ್ಲಿಷಿಗೆ ಅವನು ಅವಳನ್ನು. ಹೈಕೋರ್ಟಿನ ಭಾಷೆ ಇಂಗ್ಲಿಷ್ ಇರಬಹುದು, ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಮಾತಾಡುವುದು ಕನ್ನಡದಲ್ಲಿ. ಅವನ ಕನ್ನಡವನ್ನು ನಮ್ಮ ಕಚೇರಿ ಕೊರತೆ ಅಂತ ಎಣಿಸಿದರೆ ನಷ್ಟ ನಮಗೇ. ಅವನ ಇಂಗ್ಲಿಷನ್ನು ತಿದ್ದಬೇಡ ಅನ್ನುತ್ತಿಲ್ಲ. ತಿದ್ದು, ದಿನಕ್ಕೊಂದು ಪುಟ ಬರೆಸು. ಆದರೆ ಕಾನೂನಿನಲ್ಲಿ ಹಿಂದೆ, ಭಾಷೆಯಲ್ಲಿ ಹಿಂದೆ ಎಂಬೆರಡನ್ನು ಬೇರೆ ಬೇರೆ ಇಟ್ಟು ನೋಡು.

ಹಾವೇರಿಯ ಹುಡುಗನಿಗೆ ಇಲ್ಲಿ ಪಿ.ಜಿ. ಬಾಡಿಗೆ, ಊಟ, ಬಸ್ಸು ಎಲ್ಲ ಕೈಯಿಂದಲೇ ಹೋಗಬೇಕು. ಸನ್ನದಿಗೆ ಬೇಕಾದ ತರಬೇತಿ ಕೊಡಲು ವಕೀಲ ದುಡ್ಡು ಕೇಳಬಾರದು ಅಂತ ನಮ್ಮ ವೃತ್ತಿ ನಿಯಮದಲ್ಲೇ ಬರೆದಿದೆ. ಕೊಡಬೇಕು ಅಂತ ಬರೆದಿಲ್ಲ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿ ಅಂತ 2024ರ ಅಕ್ಟೋಬರಿನಲ್ಲಿ ವಕೀಲರ ಪರಿಷತ್ತು ಹೇಳಿತು, ಅದೂ ಸಲಹೆ ಅಷ್ಟೇ. ವಿದ್ಯಾರ್ಥಿಗಳ ಹೆಸರು ಅದರಲ್ಲಿಲ್ಲ. ಇಬ್ಬರಿಗೂ ಸ್ಟೈಪೆಂಡು ಕೊಡಲು ನಾನು ಅಕೌಂಟ್ಸಿಗೆ ಹೇಳಿದ್ದೇನೆ. ಅದು ತಿಂಗಳ ಕೊನೆಗಲ್ಲ, ಎರಡನೇ ವಾರ ಕೈಗೆ ಬರುವಂತೆ ನೀನು ಬೆನ್ನು ಹತ್ತು. ರಾತ್ರಿ ಎಂಟರ ಮೇಲೆ ಅವರನ್ನು ಕೂರಿಸಬೇಡ. ಕೂರಿಸಲೇಬೇಕಾದರೆ ಕಾರು ಮಾಡಿ ಕಳಿಸು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ತರಬೇತಿಗೆ ಬಂದವರನ್ನೂ ಉದ್ಯೋಗಿ ಅಂತಲೇ ಎಣಿಸುತ್ತದೆ. ನಮ್ಮ ಆಂತರಿಕ ಸಮಿತಿಯವರ ಹೆಸರು, ಫೋನ್ ನಂಬರನ್ನು ಮೊದಲ ದಿನದ ಕಾಗದಗಳ ಜೊತೆ ಕೊಟ್ಟುಬಿಡು. ದೂರು ಕೊಡಬೇಕಾದದ್ದು ನನ್ನ ಮೇಲೇ ಆದರೂ ಎಲ್ಲಿಗೆ ಹೋಗಬೇಕು ಅಂತ ಅವರಿಗೆ ತಿಳಿದಿರಬೇಕು.

ನಿನ್ನ ಸಮಯದ ಪ್ರಶ್ನೆ ಉಳಿಯಿತು. ಮುಂಬೈಯಲ್ಲಿ ಜಮ್ಷೆಡ್‌ಜಿ ಕಾಂಗಾ ಅವರ ಒಂದೇ ಚೇಂಬರಿನಿಂದ ಸೀರ್ವಾಯಿ, ಪಾಲ್ಖಿವಾಲಾ, ನಾರಿಮನ್, ಸೊರಾಬ್ಜಿ ಎಲ್ಲ ಬಂದರು ಅಂತ ನಮ್ಮ ಕಡೆ ಭಾಷಣಗಳಲ್ಲಿ ಹೇಳುತ್ತಿರುತ್ತಾರೆ. ನಿಜವೇ. ಆದರೆ ಅಲ್ಲಿ ಟೈಮ್‌ಶೀಟ್ ಇರಲಿಲ್ಲ. ಆರು ನಿಮಿಷಕ್ಕೊಂದು ಮನೆ ಹಾಕಿ ಬಿಲ್ ಮಾಡುವ ಕಚೇರಿಯಲ್ಲಿ ಕಲಿಸುವ ಗಂಟೆಗೆ ಬೆಲೆ ಕಟ್ಟುವವರಿಲ್ಲ, ಹಾಗಾಗಿ ಮೊದಲು ಸಾಯುವುದೂ ಅದೇ. ದಿನಾ ಸಂಜೆ ಐದೂವರೆಯಿಂದ ಆರರವರೆಗೆ ಅವರಿಬ್ಬರಿಗೆ ಅಂತ ಇಟ್ಟುಕೋ, ಕ್ಯಾಲೆಂಡರಿನಲ್ಲಿ ಹಾಕು. ಆ ಅರ್ಧ ಗಂಟೆಯನ್ನು ಟೈಮ್‌ಶೀಟಿನಲ್ಲಿ ‘ತರಬೇತಿ’ ಅಂತಲೇ ಬರಿ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು. ಆ ಹೊತ್ತಿನಲ್ಲಿ ನಾನೇ ಕರೆದರೂ ಆರಕ್ಕೆ ಬರುತ್ತೇನೆ ಅನ್ನು.

ಇನ್ನು ಸರ್ಟಿಫಿಕೇಟು. ಬಾರದವರಿಗೂ ಬರೆದುಕೊಡುವ ಕಚೇರಿಗಳು ಈ ಊರಲ್ಲಿ ಇವೆ, ನಿನಗೂ ಗೊತ್ತು. ಸಂಬಂಧಿಕರ ಮಗ, ಜಡ್ಜರ ಪರಿಚಯದವರು ಅಂತ ನಿನ್ನ ಹತ್ತಿರವೂ ಬರುತ್ತಾರೆ. ಸಹಿ ಹಾಕಬೇಡ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕು, ಅದಕ್ಕೆ ಹತ್ತು ವರ್ಷ ಅನುಭವದ ವಕೀಲರ ಪ್ರಮಾಣಪತ್ರ ಬೇಕು, ಅದರ ಮೇಲೆ ನ್ಯಾಯಾಂಗ ಅಧಿಕಾರಿಯ ದೃಢೀಕರಣವೂ ಬೇಕು ಅಂತ ಹೇಳಿತು. ಇನ್ನು ಕೆಲವು ವರ್ಷಕ್ಕೆ ಅಂಥ ಕಾಗದಕ್ಕೆ ಸಹಿ ಹಾಕುವ ಸರದಿ ನಿನ್ನದು. ಈಗಿನಿಂದಲೇ ಕೈ ಬಿಗಿಯಿರಲಿ. ‘ಅತ್ಯಂತ ಪ್ರತಿಭಾವಂತ, ಶ್ರಮಜೀವಿ’ ಅಂತ ಅಚ್ಚು ಹಾಕಿದ ಮಾತು ಬೇಡ. ಯಾವ ಯಾವ ಫೈಲು ಓದಿದರು, ಏನು ಬರೆದರು, ಎಷ್ಟು ದಿನ ಯಾವ ಕೋರ್ಟಿಗೆ ಹೋದರು ಅಂತ ಬರಿ, ಸಾಕು. ಅವರ ಇಂಟರ್ನ್‌ಶಿಪ್ ಡೈರಿಗೂ ನೀನೇ ಸಹಿ ಹಾಕಬೇಕು. ಹಾಕುವ ಮುಂಚೆ ಪ್ರತಿ ಪುಟ ಓದು. ನಿನ್ನ ಬಗ್ಗೆಯೂ ಅದರಲ್ಲಿ ಏನಾದರೂ ಬರೆದಿರುತ್ತಾರೆ.